ಬಣ್ಣ ಎಷ್ಟು ಹಾಕಲಿ ಎಂದು ಕೇಳಿದ ಮಗಳಿಗೆ

ಮಗಳೇ, ಓವನ್ನೂ ಬಂತು, ಡೋನಟ್ ಅಚ್ಚಿನ ಟ್ರೇಯೂ ಬಂತು, ಮೊದಲು ರೆಡ್ ವೆಲ್ವೆಟ್ಟನ್ನೇ ಮಾಡುತ್ತೇನೆ ಎಂದೆಯಲ್ಲ, ಕೇಳಿ ತುಂಬ ಸಂತೋಷವಾಯಿತು. ಎಣ್ಣೆಯಲ್ಲಿ ಕರಿಯದೆ ಬೇಯಿಸುತ್ತೇನೆ ಅಂದದ್ದು ಇನ್ನೂ ಹಿಡಿಸಿತು. ಆದರೆ ನೀನು ಕೇಳಿದ ಪ್ರಶ್ನೆ ಒಂದೇ: ‘ದೊಡ್ಡಮ್ಮ, ಕೆಂಪು ಬಣ್ಣ ಎಷ್ಟು ಚಮಚ ಹಾಕಲಿ?’ ಮೈದಾ ಎಷ್ಟು, ಸಕ್ಕರೆ ಎಷ್ಟು, ಎಷ್ಟು ಹೊತ್ತು ಬೇಯಬೇಕು, ಇದಾವುದನ್ನೂ ಕೇಳಲಿಲ್ಲ. ಅದಕ್ಕೇ ಮೊದಲು ಬಣ್ಣದ ಮಾತನ್ನೇ ಆಡಿಬಿಡುತ್ತೇನೆ. ಬಾಟಲಿ ಬಣ್ಣ ಒಂದು ತೊಟ್ಟೂ ಬೇಡ.

ಇದು ಹಳೆಯ ಕಾಲದವಳ ಭಯ ಅಂದುಕೊಳ್ಳಬೇಡ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಬಣ್ಣ ಬಳಸುವುದನ್ನು ನಿಷೇಧಿಸಿದ್ದು ನಿನಗೆ ನೆನಪಿರಬೇಕು. ಅದು ಬಟ್ಟೆಗೆ ಹಾಕುವ ಬಣ್ಣ. ಆಗ ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸರದಿ ಕೇಕಿನದು. ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿ ಪರೀಕ್ಷಿಸಿತು. 223 ಸರಿಯಿದ್ದವು, 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿತ್ತು. ಎಚ್ಚರಿಕೆಯ ಸುದ್ದಿಯಲ್ಲಿ ಹೆಸರು ಹಿಡಿದು ಹೇಳಿದ ಕೇಕುಗಳು ಎರಡು: ಬ್ಲ್ಯಾಕ್ ಫಾರೆಸ್ಟ್ ಮತ್ತು ರೆಡ್ ವೆಲ್ವೆಟ್. ಬೇಕರಿಯವರನ್ನೆಲ್ಲ ಒಟ್ಟಿಗೆ ದೂರುವುದು ಅನ್ಯಾಯ, 223 ಮಾದರಿಗಳು ಚೆನ್ನಾಗಿಯೇ ಇದ್ದವು. ಆದರೆ ನೀನು ಮೊದಲಿಗೆ ಆರಿಸಿಕೊಂಡ ತಿಂಡಿ, ಕಣ್ಣಿಗೆ ಕೆಂಪಾಗಿ ಕಾಣಲೇಬೇಕು ಅನ್ನುವ ಹಟದಿಂದಲೇ ಕೆಟ್ಟ ಹೆಸರು ತಂದುಕೊಂಡ ತಿಂಡಿ. ಅದು ತಿಳಿದಿರಲಿ.

ಅಂಗಡಿಯಲ್ಲಿ ಸಿಗುವ ಬಾಟಲಿಗಳಲ್ಲಿ ಕಾನೂನು ಒಪ್ಪಿದ ಬಣ್ಣಗಳೂ ಇವೆ. ಪೊನ್ಸೋ 4ಆರ್, ಕಾರ್ಮೋಯಿಸಿನ್, ಎರಿಥ್ರೋಸಿನ್ ಎಂದು ಚೀಟಿಯಲ್ಲಿ ಬರೆದಿರುತ್ತದೆ. ಒಪ್ಪಿದ್ದಕ್ಕೂ ಒಂದು ಮಿತಿ ಇದೆ: ಒಂದು ಕಿಲೋ ತಿಂಡಿಗೆ 100 ಮಿಲಿಗ್ರಾಂ. ನಿನ್ನ ಆರು ಡೋನಟ್ಟುಗಳ ತೂಕ ಸುಮಾರು 400 ಗ್ರಾಂ ಆದೀತು. ಅಂದರೆ 40 ಮಿಲಿಗ್ರಾಂ ಬಣ್ಣ, ಅದಕ್ಕಿಂತ ಹೆಚ್ಚು ಕೂಡದು. ಬಾಟಲಿಯ ಒಂದು ಚಮಚ ದ್ರಾವಣದಲ್ಲಿ ಎಷ್ಟು ಮಿಲಿಗ್ರಾಂ ಕರಗಿದೆ ಎಂದು ಅಡುಗೆಮನೆಯಲ್ಲಿ ನಿಂತು ಅಳೆಯುವುದು ಹೇಗೆ? ಅಮೆರಿಕದ ಎಷ್ಟೋ ಪಾಕಗಳಲ್ಲಿ ಒಂದು ಕೇಕಿಗೆ ಒಂದೋ ಎರಡೋ ಔನ್ಸ್ ಬಣ್ಣ ಎಂದಿರುತ್ತದೆ. ಒಂದು ಔನ್ಸ್ ಎಂದರೆ ಹತ್ತಿರ ಹತ್ತಿರ 30 ಎಂ.ಎಲ್. ಅಷ್ಟನ್ನು ಸುರಿಯುವ ಪಾಕವನ್ನು ನೋಡಿಕೊಂಡು ಮಾಡಬೇಡ. ಇನ್ನೊಂದು ಮಾತು. ಹೊರದೇಶದ ಕೆಲವು ಕೆಂಪು ಬಣ್ಣಗಳಲ್ಲಿ ಕಾರ್ಮೈನ್ ಇರುತ್ತದೆ, ಅದನ್ನು ತೆಗೆಯುವುದು ಒಂದು ಜಾತಿಯ ಹುಳುವಿನಿಂದ. ಸಸ್ಯಾಹಾರಿಗಳ ಮನೆಗೆ ಗೊತ್ತಿಲ್ಲದೆ ಅದನ್ನು ಕೊಟ್ಟರೆ ತಪ್ಪಾಗುತ್ತದೆ.

ಅಸಲಿಗೆ ಈ ಕೇಕಿನ ಹೆಸರಿನಲ್ಲಿ ಮೊದಲು ಬಂದದ್ದು ವೆಲ್ವೆಟ್, ಕೆಂಪು ಬಂದದ್ದು ಆಮೇಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದವರು ಹಿಟ್ಟಿಗೆ ಕಾರ್ನ್‌ಫ್ಲೋರನ್ನೋ ಕೋಕೋವನ್ನೋ ಬೆರೆಸಿ ಮೆದುವಾದ ಕೇಕು ಮಾಡಿ ಅದಕ್ಕೆ ವೆಲ್ವೆಟ್ ಕೇಕ್ ಎಂದರು. ಕ್ಷಾರದಲ್ಲಿ ಸಂಸ್ಕರಿಸದ ಕೋಕೋ ಹುಳಿ ಮಜ್ಜಿಗೆಯ ಜೊತೆ ಸೇರಿದಾಗ ತುಸು ಕೆಂಗಂದು ಬಣ್ಣ ತಾಳುತ್ತದೆ, ಅಷ್ಟೇ. ಕಣ್ಣು ಕೋರೈಸುವ ಕೆಂಪು ಬಂದದ್ದು ಟೆಕ್ಸಾಸಿನ ಆಡಮ್ಸ್ ಎಂಬ ಎಸೆನ್ಸ್ ಕಂಪನಿಯಂಥವರು ತಮ್ಮ ಬಣ್ಣದ ಬಾಟಲಿ ಮಾರಲು ಈ ಪಾಕವನ್ನು ಹಂಚತೊಡಗಿದ ಮೇಲೆ. ಹಾಗಾಗಿ ನಿನ್ನ ಡೋನಟ್ ಕಂದುಗೆಂಪಾಗಿ ಬಂದರೆ ಅದು ಸೋಲಲ್ಲ, ಕೇಕಿನ ಹಳೆಯ ರೂಪಕ್ಕೆ ಅದೇ ಹತ್ತಿರ. ಕೋಕೋ ಕೊಳ್ಳುವಾಗ ಮಾತ್ರ ಡಬ್ಬಿ ಓದು. ‘ಡಚ್ ಪ್ರೋಸೆಸ್ಡ್’ ಎಂದೋ ‘ಆಲ್ಕಲೈಸ್ಡ್’ ಎಂದೋ ಇದ್ದರೆ ಬೇಡ. ಅದರ ಹುಳಿಯನ್ನು ಮೊದಲೇ ತೆಗೆದಿರುತ್ತಾರೆ, ಅದರಿಂದ ಬರುವುದು ಹೆಚ್ಚಾಗಿ ಕಡುಕಂದು ಬಣ್ಣವೇ.

ಇನ್ನು ಕೆಂಪಿಗೆ ಏನು ಮಾಡುವುದು? ಬೀಟ್‌ರೂಟ್. ವಾರದ ತರಕಾರಿ ಚೀಲದಲ್ಲಿ ಹೇಗಿದ್ದರೂ ಇರುತ್ತದೆ. ಆದರೆ ಬೀಟ್‌ರೂಟ್ ಹಾಕಿದವರಲ್ಲಿ ಬಹಳ ಮಂದಿ, ಹಿಟ್ಟು ಕೆಂಪಗಿತ್ತು, ಓವನ್‌ನಿಂದ ತೆಗೆದಾಗ ಮಣ್ಣಿನ ಬಣ್ಣವಾಗಿತ್ತು ಎಂದು ಕೈ ಬಿಡುತ್ತಾರೆ. ಅದಕ್ಕೆ ಕಾರಣ ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಬೀಟ್‌ರೂಟಿನ ಕೆಂಪಿಗೆ ಬೆಟಾನಿನ್ ಎಂದು ಹೆಸರು. ಅದಕ್ಕೆ ಹುಳಿ ಎಂದರೆ ಇಷ್ಟ, ಕ್ಷಾರ ಎಂದರೆ ಆಗದು. ಅಡುಗೆ ಸೋಡಾ ಕ್ಷಾರ. ಸೋಡಾ ಜಾಸ್ತಿಯಾದ ಹಿಟ್ಟಿನಲ್ಲಿ ಬೆಟಾನಿನ್ ಹಳದಿಗೆ, ಕಂದಿಗೆ ತಿರುಗುತ್ತದೆ. ಆದ್ದರಿಂದ ಸೋಡಾ ಬಿಡು, ಬೇಕಿಂಗ್ ಪೌಡರ್ ಮಾತ್ರ ಹಾಕು, ನಿಂಬೆರಸ ಸೇರಿಸು. ಅದರ ಎರಡನೆಯ ಶತ್ರು ಬಿಸಿ. ಡೋನಟ್ಟಿನ ಮೇಲ್ಮೈ ಒಳಗಿಗಿಂತ ಹೆಚ್ಚು ಕಾಯುವುದರಿಂದ ಹೊರಗೆ ಕಂದು, ಮುರಿದರೆ ಒಳಗೆ ಕೆಂಪು. ಅದಕ್ಕೇ ಹೆಚ್ಚು ಹೊತ್ತು ಬೇಯಿಸಬಾರದು. ಬೇಯಿಸಿದ ಬೀಟ್‌ರೂಟಿಗಿಂತ ಹಸಿಯದನ್ನೇ ಸಿಪ್ಪೆ ಹೆರೆದು ನಿಂಬೆರಸದ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿದರೆ ಬಣ್ಣ ಹೆಚ್ಚು ಉಳಿಯುತ್ತದೆ. ಹಸಿ ಬೀಟ್‌ರೂಟಿಗೆ ಒಂದು ಮಣ್ಣಿನ ವಾಸನೆ ಇದೆಯಲ್ಲ, ಅದು ಜಿಯೋಸ್ಮಿನ್ ಎಂಬ ವಸ್ತುವಿನದು. ಮೊದಲ ಮಳೆಗೆ ನೆಲದಿಂದ ಏಳುವ ಘಮದಲ್ಲೂ ಅದೇ ಇರುವುದು. ಹುಳಿ ಸೇರಿದರೆ ಆ ವಾಸನೆಯೂ ತಗ್ಗುತ್ತದೆ. ಒಂದು ನಿಂಬೆಹಣ್ಣಿನಿಂದ ಎರಡು ಉಪಕಾರ.

ಈಗ ಅಳತೆ. ಆರು ಡೋನಟ್ಟಿಗೆ ಮೈದಾ 125 ಗ್ರಾಂ, ಕೋಕೋ ಒಂದು ಸಣ್ಣ ಚಮಚ, ಪುಡಿ ಮಾಡಿದ ಸಕ್ಕರೆ 90 ಗ್ರಾಂ, ಬೇಕಿಂಗ್ ಪೌಡರ್ ತಲೆ ತಟ್ಟಿದ ಒಂದು ಸಣ್ಣ ಚಮಚ, ಒಂದು ಚಿಟಿಕೆ ಉಪ್ಪು. ಇವೆಲ್ಲವನ್ನೂ ಒಟ್ಟಿಗೆ ಜರಡಿ ಹಿಡಿ. ಇನ್ನೊಂದು ಪಾತ್ರೆಯಲ್ಲಿ ರುಬ್ಬಿದ ಬೀಟ್‌ರೂಟ್ 60 ಗ್ರಾಂ, ಗಟ್ಟಿ ಮೊಸರು 60 ಗ್ರಾಂ, ಹಾಲು ಮೂರು ದೊಡ್ಡ ಚಮಚ, ವಾಸನೆಯಿಲ್ಲದ ಎಣ್ಣೆ ಮೂರು ದೊಡ್ಡ ಚಮಚ, ಅರ್ಧ ಚಮಚ ವೆನಿಲಾ. ನಿಂಬೆರಸ ಒಂದು ಚಮಚ ಸಾಕು, ಅದು ಬೀಟ್‌ರೂಟ್ ರುಬ್ಬುವಾಗಲೇ ಸೇರಿರುತ್ತದೆ. ಮೊಟ್ಟೆ ಬೇಡ, ಆ ಕೆಲಸವನ್ನು ಮೊಸರು ಮಾಡುತ್ತದೆ. ಮೊಟ್ಟೆ ಇಲ್ಲದೆ ಕೇಕೇ ಇಲ್ಲ ಅನ್ನುವವರಿಗೆ ನಮ್ಮೂರಿನ ಅಯ್ಯಂಗಾರ್ ಬೇಕರಿಗಳನ್ನು ತೋರಿಸು. 1898ರಲ್ಲಿ ಹಾಸನದ ಕಡೆಯವರು ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದ ಕಾಲದಿಂದ ಆ ಪರಂಪರೆ ನಡೆದು ಬಂದಿದೆ. ವಿಜಯನಗರ, ರಾಜಾಜಿನಗರದ ಮಕ್ಕಳೆಲ್ಲ ಹನಿ ಕೇಕ್ ತಿಂದೇ ಬೆಳೆದವರು.

ಪುಸ್ತಕದ ಪಾಕದಲ್ಲಿ ‘ಬಟರ್‌ಮಿಲ್ಕ್’ ಎಂದು ಕಂಡರೆ ಓಡಿಹೋಗಿ ಪ್ಯಾಕೆಟ್ ಮಜ್ಜಿಗೆ ತರಬೇಡ. ನಮ್ಮಲ್ಲಿ ಮಾರುವ ಪ್ಯಾಕೆಟ್ ಮಜ್ಜಿಗೆಗೆ ಉಪ್ಪು, ಹಸಿಮೆಣಸಿನಕಾಯಿ, ಶುಂಠಿ ಬಿದ್ದಿರುತ್ತದೆ. ಮನೆಯ ಮೊಸರನ್ನೇ ಕಡೆದುಕೋ. ‘ಒಂದು ಕಪ್’ ಎಂದು ಇದ್ದರೆ ಕಾಫಿ ಕಪ್ಪಿನಲ್ಲಿ ಅಳೆಯಬೇಡ, ಅವರ ಕಪ್ಪು 240 ಎಂ.ಎಲ್.ನದು. ಮನೆಗೆ ಒಂದು ಸಣ್ಣ ತೂಕದ ಯಂತ್ರ ತಂದುಕೋ. ಬಣ್ಣದ ಬಾಟಲಿಗೆ ಕೊಡುವ ದುಡ್ಡು ಅದಕ್ಕೆ ಹೋಗಲಿ.

ಒಣ ಹಿಟ್ಟಿಗೆ ಹಸಿ ಮಿಶ್ರಣ ಸುರಿದ ಮೇಲೆ ಕೈ ಹಿಡಿತ ಮುಖ್ಯ. ಮೈದಾದ ಬಿಳಿ ಕಾಣದಾದ ಕೂಡಲೇ ನಿಲ್ಲಿಸು. ಆಮೇಲೂ ತಿರುವುತ್ತಾ ಕೂತರೆ ಮೈದಾದ ಅಂಟು ಬಿಗಿಯಾಗಿ ಡೋನಟ್ ರಬ್ಬರಾಗುತ್ತದೆ. ಹದ ಇಡ್ಲಿ ಹಿಟ್ಟಿನಷ್ಟು ಇರಲಿ, ಚಮಚದಿಂದ ನಿಧಾನಕ್ಕೆ ಜಾರಬೇಕು. ಶುಭ್ರವಾದ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಮೂಲೆ ಕತ್ತರಿಸಿ, ಎಣ್ಣೆ ಸವರಿದ ಅಚ್ಚಿನ ಮೂರರಲ್ಲಿ ಎರಡು ಪಾಲು ಬರುವಂತೆ ಸುತ್ತ ಹಿಂಡು. ಅದಕ್ಕಿಂತ ಹೆಚ್ಚು ತುಂಬಿದರೆ ಹಿಟ್ಟು ಉಬ್ಬಿ ನಡುವಿನ ತೂತು ಮುಚ್ಚಿಹೋಗುತ್ತದೆ. ಆ ತೂತು ಅಲಂಕಾರಕ್ಕೆ ಇಟ್ಟದ್ದಲ್ಲ. ಉದ್ದಿನ ವಡೆಗೆ ನಾವು ತೂತು ಮಾಡುವ ಕಾರಣವೇ ಇಲ್ಲೂ: ನಡುಭಾಗ ಹಸಿ ಉಳಿಯದೆ ಎಲ್ಲ ಕಡೆ ಒಂದೇ ಸಮ ಬೇಯಬೇಕು.

ಓವನ್ನನ್ನು 175 ಡಿಗ್ರಿಗೆ ಇಟ್ಟು ಕಾಲು ಗಂಟೆ ಮೊದಲೇ ಕಾಯಿಸು. ಹಿಟ್ಟು ಕಲಸಿಟ್ಟು ಆಮೇಲೆ ಓವನ್ ಹಚ್ಚಿದರೆ ಬೇಕಿಂಗ್ ಪೌಡರಿನ ಕಸುವು ಒಂದಿಷ್ಟು ಬಟ್ಟಲಲ್ಲೇ ಮುಗಿದಿರುತ್ತದೆ. ಬೇಯಲು 11ರಿಂದ 13 ನಿಮಿಷ. ಹನ್ನೊಂದನೆಯ ನಿಮಿಷಕ್ಕೆ ಬೆರಳಿಂದ ಮೆಲ್ಲಗೆ ಒತ್ತಿ ನೋಡು, ಮೇಲೆದ್ದು ಬಂದರೆ ಆಯಿತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ, ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಹಿಟ್ಟು ಬೇಗ ಉಬ್ಬಿ ಬೇಗ ಕುಸಿಯಲೂಬಹುದು. ಕಡಲತೀರದ ಊರಿನವರು ಬರೆದ ಪಾಕವಾದರೆ ಬೇಕಿಂಗ್ ಪೌಡರನ್ನು ಒಂದು ಚಿಟಿಕೆ ಕಡಿಮೆ ಮಾಡು. ತೆಗೆದ ಮೇಲೆ ಐದು ನಿಮಿಷ ಅಚ್ಚಿನಲ್ಲೇ ಇರಲಿ, ಆಮೇಲೆ ಬೋರಲು ಹಾಕು.

ಕರಿದ ಡೋನಟ್ಟಿನ ರುಚಿ ಇದಕ್ಕೆ ಬರುತ್ತದೆ ಎಂದು ಯಾರಿಗೂ ಹೇಳಬೇಡ. ಅದು ಹೆಚ್ಚಾಗಿ ಯೀಸ್ಟ್ ಹಾಕಿ ಹುದುಗಿಸಿ ಎಣ್ಣೆಯಲ್ಲಿ ಕರಿದದ್ದು, ಇದು ಬಳೆಯ ಆಕಾರದ ಕೇಕು. ಇದನ್ನು ಇದರ ರುಚಿಗಾಗಿ ತಿನ್ನಬೇಕು. ಕರಿಯದ್ದರಿಂದ ಎಣ್ಣೆ ಉಳಿಯಿತು, ನಿಜ. ಆದರೆ ಸಕ್ಕರೆ ಸಕ್ಕರೆಯೇ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ‘ಬೇಯಿಸಿದ್ದು, ಏನೂ ಆಗಲ್ಲ’ ಎಂದು ತಟ್ಟೆಗೆ ಹಾಕಬೇಡ.

ನಿನಗೆ ಆ ಉಜ್ವಲ ಕೆಂಪು ಬೇಕೇ ಬೇಕು ಎಂದು ನನಗೆ ಗೊತ್ತು. ಅದಕ್ಕೆ ಹತ್ತಿರವಾದ ಬಣ್ಣಕ್ಕೆ ದಾರಿ ಇದೆ. ಬಣ್ಣವನ್ನು ಬೆಂಕಿ ಮುಟ್ಟದ ಜಾಗದಲ್ಲಿ ಇಡು. ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ರಾತ್ರಿಯಿಡೀ ನೀರಿಳಿಸು. ಅದರಲ್ಲಿ 100 ಗ್ರಾಂ ತೆಗೆದುಕೊಂಡು 40 ಗ್ರಾಂ ನುಣ್ಣನೆ ಸಕ್ಕರೆ ಪುಡಿ ಹಾಕಿ ಕಲಸು. ಕ್ರೀಮ್ ಚೀಸ್ ಕೈಗೆಟುಕಿದರೆ ಅದನ್ನೇ ಬಳಸು, ಅದರ ರುಚಿ ಒಂದು ಕೈ ಮೇಲು. ಮುಕ್ಕಾಲು ಪಾಲನ್ನು ಬೆಳ್ಳಗೆ ಇಟ್ಟು, ಕಾಲು ಪಾಲಿಗೆ ಸೋಸಿದ ಬೀಟ್‌ರೂಟ್ ರಸ ಅರ್ಧ ಚಮಚ ಬೆರೆಸು. ಬೆಟಾನಿನ್ನಿನ ನಿಜವಾದ ಬಣ್ಣ ಆಗ ನೋಡು! ಡೋನಟ್ ಪೂರ್ತಿ ಆರಿದ ಮೇಲೆ ಮೊದಲು ಬಿಳಿಯದರಲ್ಲಿ ಅದ್ದಿ, ಮೇಲೆ ಗುಲಾಬಿಗೆಂಪಿನ ಎಳೆ ಎಳೆ. ಬಿಸಿಯಿರುವಾಗ ಅದ್ದಿದರೆ ಎಲ್ಲ ಕರಗಿ ತಟ್ಟೆ ಸೇರುತ್ತದೆ. ಮೊಸರೂ ಹಸಿ ರಸವೂ ಇರುವುದರಿಂದ ಅಂದೇ ತಿಂದು ಮುಗಿಸಬೇಕು, ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಮಾರನೆಯ ಬೆಳಿಗ್ಗೆ ಕೆಲವರಿಗೆ ಮೂತ್ರ ತುಸು ಕೆಂಪಗೆ ಹೋಗಬಹುದು, ಬೀಟ್‌ರೂಟ್ ತಿಂದರೆ ಹಾಗಾಗುವುದುಂಟು ಎಂದು ಮೊದಲೇ ಹೇಳಿಡು, ಗಾಬರಿಯಾಗದಿರಲಿ.

ಕೈ ಪಳಗಿದ ಮೇಲೆ ಮಾರುವ ಯೋಚನೆ ನಿನಗೆ ಬಂದೇ ಬರುತ್ತದೆ. ಬರಲಿ. ನೀನಿರುವ ಮಲ್ಲತ್ತಹಳ್ಳಿಯಲ್ಲಿ ತಿನ್ನುವವರಿಗೇನು ಕಡಿಮೆ? ಅಂಬೇಡ್ಕರ್ ಇನ್‌ಸ್ಟಿಟ್ಯೂಟಿನ ಹುಡುಗರು, ಜ್ಞಾನಭಾರತಿಯ ವಿದ್ಯಾರ್ಥಿಗಳು, ಕಲಾಗ್ರಾಮಕ್ಕೆ ನಾಟಕ ನೋಡಲು ಬರುವವರು, ಕೆರೆ ಸುತ್ತ ವಾಕಿಂಗ್ ಮಾಡುವವರ ಮೊಮ್ಮಕ್ಕಳು. ಆದರೆ ಮನೆಯಿಂದ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕೇ ಬೇಕು, ಅದನ್ನು ಮಾಡಿಸದೆ ಒಂದು ಡಬ್ಬಿಯನ್ನೂ ಹೊರಗೆ ಕಳಿಸಬೇಡ. ಸರಿಯಾಗಿ ಕಲಿಯಬೇಕು ಅನ್ನಿಸಿದರೆ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕ ಇದೆ, ಊರಿನ ಈ ತುದಿಯಿಂದ ದೂರವಾದರೂ ಹೋಗಿ ಕಲಿಯುವಂಥ ಜಾಗ.

ಡಬ್ಬಿಯ ಮೇಲೆ ಏನೇನು ಹಾಕಿದ್ದೀ ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ಬರೆ, ಬಣ್ಣದ ಎದುರು ‘ಬೀಟ್‌ರೂಟ್’ ಎಂದು ಬರೆ. ಬೇಕರಿಯದರಷ್ಟು ಕೆಂಪಗಿಲ್ಲವಲ್ಲ ಎಂದು ಗಿರಾಕಿಗಳು ಕೇಳುತ್ತಾರೆ. ಖಂಡಿತ ಕೇಳುತ್ತಾರೆ. ಆಗ ನೀನು ಬಾಟಲಿ ಕೊಳ್ಳಲು ಅಂಗಡಿಗೆ ಹೋಗಬೇಡ. ಡೋನಟ್ಟನ್ನು ಎರಡು ಹೋಳು ಮಾಡಿ ಒಳಗಿನ ಬಣ್ಣ ತೋರಿಸು, ಅದು ಎಲ್ಲಿಂದ ಬಂತೆಂದು ಹೇಳು, ಒಂದು ತುಂಡು ಅವರ ಮಕ್ಕಳ ಕೈಗೆ ಕೊಡು.