ಹಲ್ಲಿನ ಬಣ್ಣದ ಫಿಲ್ಲಿಂಗ್: ದುರಸ್ತಿ ಸಾಕೇ, ಬದಲಾವಣೆ ಬೇಕೇ?

ಪ್ರಶ್ನೆ: ದವಡೆ ಹಲ್ಲಿಗೆ ಆರೇಳು ವರ್ಷಗಳ ಹಿಂದೆ ಹಾಕಿಸಿದ ಬಿಳಿ ಫಿಲ್ಲಿಂಗ್‌ನ ಅಂಚಿನಲ್ಲಿ ಕಂದು ಗೆರೆ ಕಾಣಿಸಿಕೊಂಡಿದೆ, ಒಂದು ಮೂಲೆ ಸ್ವಲ್ಪ ಮುರಿದಿದೆ, ನೋವಾಗಲಿ ಜುಮ್ಮೆನ್ನುವುದಾಗಲಿ ಇಲ್ಲ. ಪೂರ್ತಿ ತೆಗೆದು ಹೊಸದಾಗಿ ತುಂಬಿಸಬೇಕೆಂದು ಒಬ್ಬ ವೈದ್ಯರೂ ಮುರಿದಷ್ಟನ್ನು ಸರಿಪಡಿಸಿದರೆ ಸಾಕೆಂದು ಇನ್ನೊಬ್ಬರೂ ಹೇಳುತ್ತಾರೆ. ಯಾವುದನ್ನು ಒಪ್ಪಬೇಕು?

ಉತ್ತರ: ಬಿಳಿ ಫಿಲ್ಲಿಂಗ್ ಎಂದು ರೂಢಿಯಲ್ಲಿರುವ ವಸ್ತುವಿನ ಹೆಸರು ಕಾಂಪೊಸಿಟ್ ರೆಸಿನ್, ಗಾಜಿನ ಅತಿ ಸಣ್ಣ ಕಣಗಳನ್ನು ರಾಳದಂಥ ಪದಾರ್ಥದಲ್ಲಿ ಬೆರೆಸಿ ಸಿದ್ಧಪಡಿಸುವ ಇದು ನೀಲಿ ಬೆಳಕು ಬಿದ್ದಾಗ ಗಟ್ಟಿಯಾಗುತ್ತದೆ. ಹಲ್ಲಿನ ಹೊರಪದರವಾದ ಎನಾಮೆಲನ್ನು ಫಾಸ್ಫಾರಿಕ್ ಆಮ್ಲದಿಂದ ಒರಟಾಗಿಸಿದರೆ ರಾಳ ಅದಕ್ಕೆ ಬಲವಾಗಿ ಅಂಟುತ್ತದೆಂದು ಅಮೆರಿಕದ ಮೈಕೆಲ್ ಬುವೊನೊಕೋರ್ 1955ರಲ್ಲಿ ತೋರಿಸಿಕೊಟ್ಟರು. ದುರಸ್ತಿಯ ಸಾಧ್ಯತೆ ಹುಟ್ಟುವುದೇ ಈ ಅಂಟಿನಿಂದ. ಪಾದರಸ ಬೆರೆತ ಹಳೆಯ ಬೆಳ್ಳಿ ಫಿಲ್ಲಿಂಗನ್ನು ಹಲ್ಲಿನಲ್ಲಿ ಹಿಡಿದಿಡುತ್ತಿದ್ದುದು ಬಹುಮಟ್ಟಿಗೆ ಕೊರೆದ ಕುಳಿಯ ಆಕಾರ. ಕೆಟ್ಟರೆ ಪೂರ್ತಿ ತೆಗೆದುಹಾಕುವ ಆ ಕಾಲದ ಪದ್ಧತಿ, ವಸ್ತು ಬದಲಾದ ಮೇಲೂ ಕಾರಣವಿಲ್ಲದೆ ಮುಂದುವರಿದಿದೆ ಎನ್ನಬೇಕಾಗುತ್ತದೆ.

ಮೊದಲು ತಿಳಿಯಬೇಕಾದದ್ದು ಕಂದು ಗೆರೆ ಕಲೆಯೋ ಹುಳುಕೋ ಎಂಬುದು. ಕಾಫಿ, ಚಹಾ, ಎಲೆಯಡಿಕೆಯ ಬಣ್ಣ ಫಿಲ್ಲಿಂಗ್ ಮತ್ತು ಹಲ್ಲು ಸೇರುವ ಕೂದಲೆಳೆಯಷ್ಟು ಸಂದಿನಲ್ಲಿ ನಿಲ್ಲುವುದು ಸಾಮಾನ್ಯ, ಮತ್ತು ಅಂಥ ಕಲೆಯೊಂದೇ ಹುಳುಕಿಗೆ ಸಾಕ್ಷಿಯಲ್ಲ. ಹಲ್ಲನ್ನು ಶುಚಿಗೊಳಿಸಿ ಗಾಳಿ ಹಾಯಿಸಿ ಒಣಗಿಸಿದಾಗ ಅಂಚಿನಲ್ಲಿ ಕುಳಿ ಬಿದ್ದಿದೆಯೇ, ಹಗುರವಾಗಿ ತಾಗಿಸಿದ ಉಪಕರಣಕ್ಕೆ ಅಲ್ಲಿನ ಹಲ್ಲು ಮೆತ್ತಗೆ ಸಿಗುತ್ತದೆಯೇ, ಎಕ್ಸ್‌ರೇಯಲ್ಲಿ ಫಿಲ್ಲಿಂಗ್‌ನ ಅಡಿಯಲ್ಲಿ ಕಪ್ಪು ನೆರಳು ಕಾಣುತ್ತದೆಯೇ ಎಂಬುದನ್ನು ನೋಡಿದ ನಂತರವೇ ತೀರ್ಮಾನ ಮಾಡಬೇಕು. ಬರಿಯ ಕಲೆಯಾದರೆ ಪಾಲಿಶ್ ಮಾಡಿದರೆ ಸಾಕು; ಎಷ್ಟೋ ಸಲ ಅದೂ ಬೇಡ, ಆಗಾಗ ಪರೀಕ್ಷಿಸಿಕೊಂಡು ಬಂದರಾಯಿತು.

ಪೂರ್ತಿ ಬದಲಾಯಿಸುವುದರ ತೊಂದರೆ ಬಾಯಿಯೊಳಗೆ ತಕ್ಷಣ ಕಾಣುವಂಥದ್ದಲ್ಲ. ಕಾಂಪೊಸಿಟ್‌ನ ಬಣ್ಣ ಹಲ್ಲಿನ ಬಣ್ಣವೇ ಆಗಿರುವುದರಿಂದ, ಕೊರೆಯುವಾಗ ಫಿಲ್ಲಿಂಗ್ ಎಲ್ಲಿ ಮುಗಿಯಿತು, ಹಲ್ಲು ಎಲ್ಲಿ ಶುರುವಾಯಿತು ಎಂಬುದು ನುರಿತ ಕಣ್ಣಿಗೂ ಸರಿಯಾಗಿ ತಿಳಿಯದೆ, ಪ್ರತಿ ಬದಲಾವಣೆಯಲ್ಲೂ ಒಂದಿಷ್ಟು ಆರೋಗ್ಯವಾದ ಹಲ್ಲು ಹೋಗುತ್ತದೆ. ಕುಳಿ ಹಿಗ್ಗುತ್ತ ಹೋಗಿ ಗೋಡೆಗಳು ತೆಳುವಾಗುತ್ತವೆ, ಕೊರೆತ ನರ ಮತ್ತು ರಕ್ತನಾಳಗಳಿರುವ ತಿರುಳಿನ ಹತ್ತಿರ ಬರುತ್ತದೆ, ಕೊನೆಗೆ ರೂಟ್ ಕೆನಾಲ್ ಮತ್ತು ಕ್ಯಾಪಿನವರೆಗೂ ವಿಷಯ ಹೋಗಬಹುದು. ದುರಸ್ತಿಯಲ್ಲಿ ಕೊರೆಯುವುದು ಕೆಟ್ಟ ಭಾಗವನ್ನು ಮಾತ್ರ. ಅರಿವಳಿಕೆಯ ಚುಚ್ಚುಮದ್ದು ಕೂಡ ಅನೇಕ ವೇಳೆ ಬೇಕಾಗುವುದಿಲ್ಲ.

ದುರಸ್ತಿಯೇ ಮೇಲೆಂದು ಅಂತಿಮವಾಗಿ ಸಾಬೀತಾಗಿದೆಯೇ ಎಂದರೆ, ಇಲ್ಲ. ಕಾಂಪೊಸಿಟ್ ಫಿಲ್ಲಿಂಗ್‌ಗಳ ದುರಸ್ತಿ ಮತ್ತು ಬದಲಾವಣೆಯನ್ನು ಹೋಲಿಸಲು ಹೊರಟ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2014ರ ಸಮೀಕ್ಷೆಗೆ, ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ, ಅದರ ಮಾನದಂಡಕ್ಕೆ ಒಪ್ಪುವ ಒಂದು ಪ್ರಯೋಗವೂ ಸಿಗಲಿಲ್ಲ. ಪುರಾವೆ ಹೀಗೆ ತೆಳುವಾಗಿರುವಾಗ, ಕಳೆದುಕೊಂಡ ಹಲ್ಲನ್ನು ಮರಳಿ ಪಡೆಯಲಾಗದು, ಆದರೆ ದುರಸ್ತಿ ಸೋತರೆ ಬದಲಾವಣೆಯ ದಾರಿ ತೆರೆದೇ ಇರುತ್ತದೆ ಎಂಬ ಕಾರಣದಿಂದ, ಪ್ರಶ್ನೆಯಲ್ಲಿ ವಿವರಿಸಿದಂಥ ಹಲ್ಲಿಗೆ ಅಡಿಯಲ್ಲಿ ಹುಳುಕಿಲ್ಲವೆಂದು ಖಚಿತವಾದರೆ ಎರಡನೆಯ ವೈದ್ಯರ ಸಲಹೆಯೇ ಸೂಕ್ತ.

ಪ್ರಶ್ನೆ: ಹಳೆಯದರ ಮೇಲೆ ಹೊಸದನ್ನು ಹಚ್ಚಿದರೆ ಅದು ನಿಲ್ಲುತ್ತದೆಯೇ?

ಉತ್ತರ: ಸುಮ್ಮನೆ ಹಚ್ಚಿದರೆ ನಿಲ್ಲದು. ಆಗಷ್ಟೇ ಹಾಕಿದ ಕಾಂಪೊಸಿಟ್‌ನ ಮೇಲ್ಮೈಯಲ್ಲಿ ಇನ್ನೂ ಗಟ್ಟಿಯಾಗದ ತೆಳು ಪದರವಿದ್ದು ಮುಂದಿನ ಪದರ ಅದರೊಡನೆ ತಾನಾಗಿ ಕೂಡಿಕೊಳ್ಳುತ್ತದೆ. ವರ್ಷಗಟ್ಟಲೆ ಜೊಲ್ಲಿನಲ್ಲಿ ನೆನೆದ ಹಳೆಯ ಫಿಲ್ಲಿಂಗ್‌ನಲ್ಲಿ ಆ ಪದರವಿರುವುದಿಲ್ಲ. ಆದ್ದರಿಂದ ಕೆಟ್ಟ ಅಂಚನ್ನು ಕೊರೆದು, ಉಳಿದ ಮೇಲ್ಮೈಯನ್ನು ಬರ್ ಎಂಬ ಕೊರೆಯುವ ಮೊನೆಯಿಂದಲೋ, ಸುಮಾರು 50 ಮೈಕ್ರಾನ್ ಗಾತ್ರದ ಅಲ್ಯೂಮಿನಾ ಪುಡಿಯನ್ನು ಗಾಳಿಯ ರಭಸದಿಂದ ಎರಚಿಯೋ ಒರಟಾಗಿಸುತ್ತಾರೆ. ಬಳಿಕ ಸುಮಾರು 37 ಪ್ರತಿಶತ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದು, ಗಾಜಿನ ಕಣಗಳನ್ನೂ ಹೊಸ ರಾಳವನ್ನೂ ಬೆಸೆಯುವ ಸೈಲೇನ್ ಎಂಬ ದ್ರವವನ್ನೂ ಬಾಂಡಿಂಗ್ ದ್ರವವನ್ನೂ ಲೇಪಿಸಿ, ಹೊಸ ಕಾಂಪೊಸಿಟನ್ನು ಸಾಮಾನ್ಯವಾಗಿ 2 ಮಿಲಿಮೀಟರ್ ಮೀರದ ಪದರಗಳಲ್ಲಿ ತುಂಬುತ್ತಾರೆ. ಈ ಹೊತ್ತಿನಲ್ಲಿ ಒಂದು ಹನಿ ಜೊಲ್ಲು ತಾಗಿದರೂ ಬೆಸುಗೆ ಕೆಡುವುದರಿಂದ, ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುವ ವೈದ್ಯರ ಬಗ್ಗೆ ರೋಗಿ ಬೇಸರಪಡಬೇಕಾಗಿಲ್ಲ.

ಪ್ರಶ್ನೆ: ಪೂರ್ತಿ ಬದಲಾಯಿಸಲೇಬೇಕಾದ ಸಂದರ್ಭ ಯಾವುದು?

ಉತ್ತರ: ಫಿಲ್ಲಿಂಗ್ ಅಲುಗಾಡುತ್ತಿದ್ದರೆ, ಅದರ ಅಡಿಯಲ್ಲಿ ಹುಳುಕು ವ್ಯಾಪಕವಾಗಿ ಹರಡಿದ್ದರೆ, ಅಥವಾ ಮಾಡಿದ ದುರಸ್ತಿ ಅದೇ ಜಾಗದಲ್ಲಿ ಮತ್ತೆ ಮತ್ತೆ ಕಿತ್ತುಬರುತ್ತಿದ್ದರೆ ಬದಲಾವಣೆಯೇ ಸರಿ. ರಾತ್ರಿ ನಿದ್ದೆ ಕೆಡಿಸುವ ನೋವಿದ್ದರೆ ತಿರುಳೇ ರೋಗಕ್ಕೆ ಸಿಕ್ಕಿರುವ ಸಾಧ್ಯತೆ ಇದ್ದು, ಆಗ ಫಿಲ್ಲಿಂಗ್‌ನ ಚರ್ಚೆಗೆ ಮೊದಲು ತಿರುಳಿನ ಚಿಕಿತ್ಸೆ ನಡೆಯಬೇಕಾಗುತ್ತದೆ.