ಅಂಗಡಿ ಮಗನಿಗೆ, ಕ್ಯಾಮೆರಾ ನಿಮಗೆ

ಇಂಡಿಯ ಹಿರಿಯರೇ, ಲಿಂಬೆ ವ್ಯಾಪಾರ ಮಗನ ಕೈಗೆ ಕೊಟ್ಟು ಕಾಲೇಜು ದಿನಗಳ ಕ್ಯಾಮೆರಾ ಹೊರತೆಗೆದಿದ್ದೀರಿ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ಕೇಳಿದ್ದೀರಿ. ಖಂಡಿತ ಬೇಕು. ಪೂರ್ಣಚಂದ್ರ ತೇಜಸ್ವಿ ಕಾಫಿ ತೋಟ ನೋಡಿಕೊಳ್ಳುತ್ತಲೇ ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನು ಹತ್ತಿದವರು.

ಹೊಸ ಕ್ಯಾಮೆರಾಕ್ಕೆ ದುಡ್ಡು ಸುರಿಯುವ ಮೊದಲು ಹಳೆಯ ಲೆನ್ಸನ್ನು ಟಾರ್ಚ್ ಬೆಳಕಿಗೆ ಹಿಡಿದು ನೋಡಿ. ಒಳಗೆ ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ ಬೂಷ್ಟು ಹಿಡಿದಿದೆ, ರಿಪೇರಿಯವರಿಗೆ ತೋರಿಸಿ. ಸ್ವಚ್ಛವಾಗಿದ್ದರೆ ಅಡಾಪ್ಟರ್ ಹಾಕಿ ಮಿರರ್‌ಲೆಸ್ ಕ್ಯಾಮೆರಾಕ್ಕೆ ಜೋಡಿಸಬಹುದು. ನಮ್ಮ ಕಡೆಯ ಬಿಸಿಲಿಗೆ ನೀವು ಕಲಿತ ಲೆಕ್ಕ ಈಗಲೂ ನಡೆಯುತ್ತದೆ: ಅಪರ್ಚರ್ 16, ಐಎಸ್‌ಒ 100 ಇದ್ದರೆ ಶಟರ್ ಸೆಕೆಂಡಿನ 1/125.

ಏನು ತೆಗೆಯಲಿ ಎಂದಿರಿ. 2023ರಲ್ಲಿ ಜಿಐ ಟ್ಯಾಗ್ ಪಡೆದ ಇಂಡಿ ಲಿಂಬೆಯನ್ನು ನಿಮ್ಮಷ್ಟು ಬಲ್ಲ ಫೋಟೋಗ್ರಾಫರ್ ಯಾರಿದ್ದಾರೆ? ಕಾಯಿ ಆರಿಸುವ ಹೆಂಗಸರ ಬೆರಳು, ಚೀಲ ಹೊಲಿಯುವ ದಬ್ಬಣ, ಸವಾಲಿನ ಹೊತ್ತಿನ ಮುಖಗಳು. ಹೊರಗಿನವರು ಬಂದರೆ ಎಲ್ಲರೂ ಪೋಸ್ ಕೊಡುತ್ತಾರೆ. ನೀವು ನಿಂತರೆ ಕೆಲಸ ತನ್ನ ಪಾಡಿಗೆ ನಡೆಯುತ್ತದೆ. ಕೇಳಿಯೇ ತೆಗೆಯಿರಿ, ಪ್ರಿಂಟ್ ಹಾಕಿಸಿ ಅವರಿಗೂ ಕೊಡಿ.

ಮುದ್ದೇಬಿಹಾಳದ ತಂಗಡಗಿಯ ಕೃಷ್ಣಾ ತೀರ, ಶ್ರಾವಣದ ಬಸವನ ಬಾಗೇವಾಡಿ ಜಾತ್ರೆ ಆಮೇಲೆ ಇದ್ದೇ ಇವೆ. ಸಾಲೋಟಗಿಯ 945ರ ಶಾಸನವನ್ನು ಮಾತ್ರ ಓರೆ ಬೆಳಕಿನಲ್ಲಿ ತೆಗೆಯಿರಿ, ಅಕ್ಷರ ಎದ್ದು ಕಾಣುತ್ತವೆ. ಆಲಮಟ್ಟಿ ಹಿನ್ನೀರಿನ ಫ್ಲೆಮಿಂಗೋಗಳಿಗೆ ಉದ್ದನೆಯ ಲೆನ್ಸ್ ಬೇಕು. ಒಂದು ವರ್ಷ ಕೈ ಕುದುರಲಿ, ಆಮೇಲೆ ಕೊಳ್ಳಿ.