ಸೆನ್ಸರ್ ಒರೆಸಿದ್ದಕ್ಕೆ ಸಾಕ್ಷಿ ಎಲ್ಲಿ?

ಕ್ಯಾಮೆರಾ ಸರ್ವಿಸ್ ಸೆಂಟರಿನ ಬಿಲ್ಲಿನಲ್ಲಿ ‘ಸೆನ್ಸರ್ ಕ್ಲೀನಿಂಗ್’ ಎಂದು ಬರೆದ ಮಾತ್ರಕ್ಕೆ ಕೆಲಸ ಆಗಿದೆಯೆಂದು ನಾನಂತೂ ನಂಬುವುದಿಲ್ಲ. ಪರೀಕ್ಷೆ ಸುಲಭ. ಎಫ್/16ರಲ್ಲಿ, ಫೋಕಸ್ ತಪ್ಪಿಸಿ, ಬಿಳಿ ಗೋಡೆಯನ್ನೋ ತಿಳಿ ಆಕಾಶವನ್ನೋ ತೆಗೆದರೆ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಎಫ್/2.8ರಲ್ಲಿ ಅದೇ ಧೂಳು ಮಾಯ. ಯಾಕೆಂದರೆ ಅದು ಕೂತಿರುವುದು ಸೆನ್ಸರಿನ ಮುಂದಿರುವ ಫಿಲ್ಟರ್ ಗಾಜಿನ ಮೇಲೆ. ಅಪರ್ಚರ್ ದೊಡ್ಡದಾದಷ್ಟೂ ಅದರ ನೆರಳು ಹರಡಿ ಮಸುಕಾಗುತ್ತದೆ. ಹಾಗಾಗಿ ಕೌಂಟರಿನಲ್ಲೇ ಅಪರ್ಚರ್ ಪೂರ್ತಿ ತೆರೆದು ಒಂದು ಫೋಟೊ ಹೊಡೆದು, ‘ನೋಡಿ ಸಾರ್, ಕ್ಲೀನಾಗಿದೆ’ ಎನ್ನುವುದು ಪರೀಕ್ಷೆಯೇ ಅಲ್ಲ.

‘ಧೂಳು ಎಲ್ಲ ಕಡೆ ಇರುತ್ತೆ, ಲೆನ್ಸ್ ಬದಲಿಸುವಾಗ ನೀವೇ ಹುಷಾರಾಗಿರಬೇಕು’ ಎಂಬುದು ಸೆಂಟರಿನವರ ಸಿದ್ಧ ಉತ್ತರ. ಅರ್ಧ ನಿಜ. ಬೇಸಿಗೆಯಲ್ಲಿ ಬಂಡೀಪುರದ ಸಫಾರಿ ಜೀಪಿನಲ್ಲಿ ಲೆನ್ಸ್ ಬಿಚ್ಚಿದವರು ಯಾರನ್ನೂ ದೂರುವಂತಿಲ್ಲ. ಆದರೆ ನಿಕಾನ್ ಡಿ600 ಕೊಂಡವರ ಪಾಡು ಬೇರೆ. 2012ರಲ್ಲಿ ಬಂದ ಆ ಕ್ಯಾಮೆರಾದ ಚಿತ್ರಗಳಲ್ಲಿ, ಹೆಚ್ಚಾಗಿ ಎಡ ಮೇಲ್ಮೂಲೆಯಲ್ಲೇ, ಚುಕ್ಕೆಗಳು ಕಾಣಿಸಿಕೊಂಡವು. ಒರೆಸಿದರೂ ಮರಳಿ ಬಂದವು. ಹೊರಗಿನ ಧೂಳು ಹೀಗೆ ಒಂದೇ ಮೂಲೆಯನ್ನು ಆರಿಸಿಕೊಂಡು ಕೂರುವುದಿಲ್ಲ. ಆದರೂ 2013ರ ಫೆಬ್ರವರಿಯಲ್ಲಿ ಕಂಪನಿ ಹೇಳಿದ್ದು, ಬ್ಲೋವರಿನಿಂದ ಊದಿ, ಹೋಗದಿದ್ದರೆ ಸರ್ವಿಸ್ ಸೆಂಟರಿಗೆ ಹೋಗಿ ಎಂದು. ಅದೇ ಅಕ್ಟೋಬರಿನಲ್ಲಿ ಹೊಸ ಶಟರಿನ ಡಿ610 ಹೊರಬಂತು. ವಾರಂಟಿ ಮುಗಿದವರಿಗೂ ಪುಕ್ಕಟೆಯಾಗಿ ಶಟರ್ ಬದಲಿಸುತ್ತೇವೆ ಎಂಬ ಮಾತು ಬಂದದ್ದು 2014ರ ಫೆಬ್ರವರಿಯಲ್ಲಿ. ಮರುತಿಂಗಳು ಚೀನಾದ ಸರ್ಕಾರಿ ಟಿವಿ ಈ ಸಂಗತಿಯನ್ನು ಎತ್ತಿಕೊಂಡಿತು. ಶಾಂಘೈನ ಅಧಿಕಾರಿಗಳು ಡಿ600 ಮಾರಾಟ ನಿಲ್ಲಿಸಲು ಆದೇಶಿಸಿದರು. ಅಷ್ಟು ಕಾಲ ‘ಹುಷಾರಾಗಿರಿ’ ಎಂಬ ಉಪದೇಶ ಕೇಳಿದ ಗ್ರಾಹಕರಿಗೆ ಕ್ಷಮೆ ಕೇಳಿದ ಕೌಂಟರ್ ಎಷ್ಟಿತ್ತೋ! ಕೆಟ್ಟ ಸರ್ವಿಸ್ ಎಂದರೆ ಬರೀ ಒರೆಸದಿರುವುದಲ್ಲ, ಮತ್ತೆ ಮತ್ತೆ ಒರೆಸಿ ಮೂಲವನ್ನು ಮುಟ್ಟದಿರುವುದೂ ಹೌದು.

ಚುಕ್ಕೆಯನ್ನು ಫೋಟೊಶಾಪಿನಲ್ಲಿ ಅಳಿಸಬಹುದಲ್ಲ ಎನ್ನುತ್ತಾರೆ. ಒಂದು ಚಿತ್ರಕ್ಕೆ ಸರಿ. ಮದುವೆಯ ಆಲ್ಬಮ್ಮಿಗೆ, ವಿಡಿಯೊಗೆ ಯಾರು ಕೂರುತ್ತಾರೆ? ನೀವೇ ಕ್ಲೀನ್ ಮಾಡಿಕೊಳ್ಳಿ ಎನ್ನುವವರ ಮಾತು ರಬ್ಬರ್ ಬ್ಲೋವರ್ ಮಟ್ಟಿಗೆ ಒಪ್ಪುವಂಥದ್ದೇ. ಡಿಎಸ್ಎಲ್ಆರ್ ಆದರೆ ಬ್ಯಾಟರಿ ತುಂಬಿರಲಿ, ಇಲ್ಲದಿದ್ದರೆ ಎತ್ತಿ ನಿಲ್ಲಿಸಿದ ಕನ್ನಡಿ ನಡುವೆಯೇ ಕೆಳಗೆ ಬೀಳುತ್ತದೆ. ಬಾಯಲ್ಲಿ ಊದಬೇಡಿ, ಡಬ್ಬಿಯ ಗಾಳಿ ಬೇಡವೇ ಬೇಡ. ಅದರ ದ್ರವ ಸಿಡಿದು ಗಾಜಿನ ಮೇಲೆ ಕಲೆ ಬೀಳುತ್ತದೆ. ಅಂಟಿದ ಎಣ್ಣೆಗೆ ಮಾತ್ರ ಪಳಗಿದ ಕೈಯೇ ಬೇಕು, ಅದಕ್ಕೇ ದುಡ್ಡು ಕೊಡುವುದು. ಕ್ಯಾಮೆರಾ ಕೊಡುವ ಮೊದಲು ಎಫ್/16ರ ಒಂದು ಚಿತ್ರ, ವಾಪಸು ಪಡೆಯುವಾಗ ಕೌಂಟರಿನಲ್ಲೇ ಅಂಥದೇ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ತನಕ ಬಿಲ್ ಕಟ್ಟಬೇಡಿ.